ಸ್ತ್ರೀಶಕ್ತಿ ಸ್ವಸಹಾಯ ಗುಂಪು: ಉಳಿತಾಯ, ಆಂತರಿಕ ಸಾಲ ಮತ್ತು ಪರಸ್ಪರ ನೆರವು – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೂಲಿ, ಸಣ್ಣ ವ್ಯಾಪಾರ ಅಥವಾ ತುಂಡು ಜಮೀನನ್ನು ನಂಬಿರುವ ಕುಟುಂಬಗಳಲ್ಲಿ ಆದಾಯವು ದಿನದಿನಕ್ಕೆ ಚೂರುಚೂರಾಗಿ ಬರುತ್ತದೆ. ಖರ್ಚು ಮಾತ್ರ ಇಡುಗಂಟಾಗಿ ಬರುತ್ತದೆ. ಶಾಲೆ ಆರಂಭವಾಗುವಾಗ ಮಕ್ಕಳ ಸಮವಸ್ತ್ರ ಹಾಗೂ ನೋಟ್ ಪುಸ್ತಕ, ಗೌರಿ-ಗಣೇಶ ಹಬ್ಬಕ್ಕೆ ತವರಿಗೆ ಬರುವ ಮಗಳು, ಊರ ಜಾತ್ರೆ, ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಇವುಗಳಲ್ಲಿ ಯಾವುದೂ ಅಂದಿನ ಕೂಲಿಯಿಂದ ತೀರುವಂತಹುದಲ್ಲ. ಇಂತಹ ಕುಟುಂಬಗಳ ಮಹಿಳೆಯರಿಗೆ ಮಿತವ್ಯಯದ ಬಗ್ಗೆ ಹೊಸದಾಗಿ ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಅಡುಗೆಗೆ ತೆಗೆದ ಅಕ್ಕಿಯಿಂದ ಒಂದು ಹಿಡಿಯನ್ನು ಮರಳಿ ಮಡಕೆಗೆ ಹಾಕುವ ಕ್ರಮವನ್ನು ಅವರು ಯಾವ ಇಲಾಖೆಯಿಂದಲೂ ಕಲಿತವರಲ್ಲ. ಅವರಿಗೆ ಕೊರತೆಯಾಗಿರುವುದು, ಉಳಿಸಿದ ಅಲ್ಪ ಹಣವನ್ನು ಸುರಕ್ಷಿತವಾಗಿ ಇಡುವ ಸ್ಥಳ ಮತ್ತು ಅಗತ್ಯ ಬಿದ್ದಾಗ ನ್ಯಾಯವಾದ ಬಡ್ಡಿಗೆ ಸಿಗುವ ಸಣ್ಣ ಸಾಲ. ಈ ಎರಡನ್ನೂ ಸದಸ್ಯರೇ ಪರಸ್ಪರ ಒದಗಿಸಿಕೊಳ್ಳುವ ವ್ಯವಸ್ಥೆಯೇ ಸ್ವಸಹಾಯ ಗುಂಪು.

ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಸ್ತ್ರೀಶಕ್ತಿ ಯೋಜನೆಯನ್ನು 2000-01ನೇ ಸಾಲಿನಲ್ಲಿ ಪ್ರಾರಂಭಿಸಲಾಯಿತು. ಅದಕ್ಕೂ ಮುನ್ನವೇ, 1992ರಲ್ಲಿ, ನಬಾರ್ಡ್ ಸಂಸ್ಥೆಯು ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮವನ್ನು ಕೈಗೊಂಡಿತ್ತು. ಅದಕ್ಕೆ ಬೇಕಾದ ಅನುಭವವು 1980ರ ದಶಕದಲ್ಲಿ ಕರ್ನಾಟಕದಲ್ಲಿಯೇ ಮೈರಾಡ ಸಂಸ್ಥೆಯು ಸಂಘಟಿಸಿದ ಗುಂಪುಗಳಿಂದ ಬಹುಮಟ್ಟಿಗೆ ದೊರೆತಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಗುಂಪಿನ ರಚನೆ

ಒಂದೇ ಊರಿನ ಅಥವಾ ಒಂದೇ ಕೇರಿಯ, 18 ವರ್ಷ ತುಂಬಿದ 15 ರಿಂದ 20 ಮಹಿಳೆಯರು ಸೇರಿ ಸ್ತ್ರೀಶಕ್ತಿ ಗುಂಪನ್ನು ರಚಿಸಿಕೊಳ್ಳಬಹುದು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳು, ಭೂರಹಿತ ಕೃಷಿ ಕಾರ್ಮಿಕರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ಮಹಿಳೆಯರು ಮತ್ತು ಮದ್ಯವ್ಯಸನದಿಂದ ನೊಂದ ಕುಟುಂಬಗಳ ಮಹಿಳೆಯರಿಗೆ ಆದ್ಯತೆ ಇರುತ್ತದೆ. ಗುಂಪು ರಚನೆಗೆ ಆಯಾ ಗ್ರಾಮದ ಅಂಗನವಾಡಿ ಕಾರ್ಯಕರ್ತೆಯು ಮಾರ್ಗದರ್ಶನ ನೀಡುತ್ತಾರೆ.

ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಏಕೆ ಬೇಡ ಎಂದು ಅನೇಕರು ವಿಚಾರಿಸುತ್ತಾರೆ. ಲಾಭಕ್ಕಾಗಿ ವ್ಯವಹಾರ ನಡೆಸುವ ಕೂಟದಲ್ಲಿ 20ಕ್ಕಿಂತ ಹೆಚ್ಚು ಜನರಿದ್ದರೆ ನೋಂದಣಿ ಕಡ್ಡಾಯವೆಂದು 1956ರ ಕಂಪನಿಗಳ ಕಾಯಿದೆಯಲ್ಲಿ ಇದ್ದ ನಿಯಮದಿಂದ ಈ ಸಂಖ್ಯೆ ರೂಢಿಗೆ ಬಂದಿತು. ಆ ಕಾಯಿದೆಯ ಸ್ಥಾನದಲ್ಲಿ 2013ರ ಕಾಯಿದೆ ಬಂದ ಮೇಲೂ ಸಂಖ್ಯೆ ಬದಲಾಗದೆ ಉಳಿಯಲು ಬೇರೊಂದು ಕಾರಣವಿದೆ. ಇಪ್ಪತ್ತು ಜನರ ಸಭೆಯಲ್ಲಿ ಪ್ರತಿಯೊಬ್ಬರ ಮನೆಯ ಕಷ್ಟಸುಖವು ಉಳಿದವರಿಗೆ ತಿಳಿದಿರುತ್ತದೆ. ಜನ ಹೆಚ್ಚಿದಂತೆ ಮಾತನಾಡುವವರು ನಾಲ್ವರು, ಕೇಳುವವರು ಉಳಿದವರು ಎಂಬಂತಾಗುತ್ತದೆ.

ಮೊದಲ ಸಭೆಯಲ್ಲಿ ಗುಂಪಿಗೆ ಹೆಸರನ್ನು ಇಟ್ಟು, ಇಬ್ಬರು ಪ್ರತಿನಿಧಿಗಳನ್ನು ಆಯ್ಕೆ ಮಾಡಿ, ವಾರದ ಸಭೆಯ ದಿನ ಮತ್ತು ವೇಳೆಯನ್ನು ನಿಗದಿಪಡಿಸತಕ್ಕದ್ದು. ಪ್ರತಿನಿಧಿಗಳನ್ನು ಕಾಲಕಾಲಕ್ಕೆ ಬದಲಾಯಿಸುವುದು ಅವಶ್ಯಕ. ಅಕ್ಷರ ಬಲ್ಲವರು ಒಬ್ಬರೇ ಇದ್ದಾರೆಂದು ಅವರನ್ನೇ ವರ್ಷಗಟ್ಟಲೆ ಮುಂದುವರಿಸಿದ ಗುಂಪುಗಳಲ್ಲಿಯೇ ಲೆಕ್ಕದ ತಕರಾರುಗಳು ಹೆಚ್ಚಾಗಿ ಕಂಡುಬರುತ್ತವೆ.

ಉಳಿತಾಯದ ಮೊತ್ತ

ವಾರದ ಉಳಿತಾಯವನ್ನು ಗುಂಪಿನಲ್ಲಿ ಅತಿ ಕಡಿಮೆ ಆದಾಯವಿರುವ ಸದಸ್ಯೆಗೆ, ಕೆಲಸ ಸಿಗದ ವಾರದಲ್ಲಿಯೂ ಸಾಧ್ಯವಾಗುವ ಮಟ್ಟದಲ್ಲಿ ನಿಗದಿಪಡಿಸುವುದು ಸೂಕ್ತ. ಉತ್ಸಾಹದಿಂದ ಹೆಚ್ಚಿನ ಮೊತ್ತವನ್ನು ಗೊತ್ತುಮಾಡಿದರೆ, ಉಳಿತಾಯ ಕಟ್ಟಲು ಹೊರಗೆ ಕೈಸಾಲ ಮಾಡುವ ವಿಪರೀತ ಸ್ಥಿತಿ ಉಂಟಾಗುತ್ತದೆ. ಇದು ಅಪರೂಪದ ಸಂಗತಿಯೇನಲ್ಲ.

ಉದಾಹರಣೆಗೆ, 15 ಸದಸ್ಯರು ತಲಾ 50 ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 750 ರೂ., 20 ವಾರಗಳಲ್ಲಿ 15,000 ರೂ., ವರ್ಷಕ್ಕೆ 39,000 ರೂ. ಸಂಗ್ರಹವಾಗುತ್ತದೆ. ಒಬ್ಬ ಸದಸ್ಯೆಯ ಪಾಲು ವರ್ಷಕ್ಕೆ 2,600 ರೂ. ಮಾತ್ರ. ಈ 2,600 ರೂಪಾಯಿಯಿಂದ ಆಕೆಯ ಒಂದು ಆಸ್ಪತ್ರೆಯ ಖರ್ಚೂ ತೀರಲಾರದು; ಆದರೆ ಹದಿನೈದು ಮಂದಿಗೂ ಒಂದೇ ವಾರದಲ್ಲಿ ಕಷ್ಟ ಬರುವುದಿಲ್ಲವಾದುದರಿಂದ, ಕಷ್ಟ ಬಂದವಳಿಗೆ ಎಲ್ಲರ ಹಣವೂ ದೊರೆಯುತ್ತದೆ. ಹೊಲದ ಕೆಲಸದಲ್ಲಿ ನಮ್ಮ ಹಿರಿಯರು ಅನುಸರಿಸುತ್ತಿದ್ದ ಮುಯ್ಯಾಳು ಪದ್ಧತಿಯೂ ಇದೇ ತತ್ವದ್ದು. ಈ ವಾರ ನಿಮ್ಮ ಗದ್ದೆ, ಮುಂದಿನ ವಾರ ನಮ್ಮ ಗದ್ದೆ ಎಂಬಲ್ಲಿ ಆಳಿನ ಬದಲು ಹಣವನ್ನು ಇಟ್ಟಂತೆ.

ನೆರೆಹೊರೆಯಲ್ಲಿ ನಡೆಯುವ ಚೀಟಿಗೂ ಇದಕ್ಕೂ ವ್ಯತ್ಯಾಸವಿದೆ. ಹರಾಜು ಚೀಟಿಯಲ್ಲಿ ಯಾರಿಗೆ ಹಣದ ಅಗತ್ಯ ಅತಿ ಹೆಚ್ಚೋ ಅವರೇ ಅತಿ ಹೆಚ್ಚು ಕಡಿತಕ್ಕೆ ಕೂಗುತ್ತಾರೆ. ಅಂದರೆ ಕಷ್ಟದಲ್ಲಿರುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಅಲ್ಲದೆ ಚೀಟಿ ವ್ಯವಹಾರವು 1982ರ ಚಿಟ್ ಫಂಡ್ ಕಾಯಿದೆಗೆ ಒಳಪಟ್ಟಿದ್ದು, ನೋಂದಣಿಯಿಲ್ಲದ ಚೀಟಿಯಲ್ಲಿ ನಡೆಸುವವರು ಊರು ಬಿಟ್ಟರೆ ಹಣವನ್ನು ಮರಳಿ ಪಡೆಯುವುದು ದುಸ್ತರ.

ಆಂತರಿಕ ಸಾಲ ಮತ್ತು ಬಡ್ಡಿಯ ಲೆಕ್ಕ

ಸಂಗ್ರಹವಾದ ಹಣವನ್ನು ಪೆಟ್ಟಿಗೆಯಲ್ಲಿಯೋ ಬ್ಯಾಂಕಿನಲ್ಲಿಯೋ ಹಾಗೆಯೇ ಇಡದೆ ಸದಸ್ಯರಿಗೇ ಸಾಲವಾಗಿ ನೀಡುವುದಕ್ಕೆ ಆಂತರಿಕ ಸಾಲವೆಂದು ಹೆಸರು. ಬಡ್ಡಿಯ ದರವನ್ನು ಗುಂಪೇ ಸಭೆಯಲ್ಲಿ ನಿರ್ಧರಿಸುತ್ತದೆ. ಅನೇಕ ಗುಂಪುಗಳಲ್ಲಿ ಇದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಇರುತ್ತದೆ. ವರ್ಷಕ್ಕೆ ಶೇಕಡ 24 ಆಗುವ ಈ ದರವು ಬ್ಯಾಂಕಿನ ದರಕ್ಕಿಂತ ಹೆಚ್ಚೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪಣೆಯು ತಪ್ಪಲ್ಲ; ಆದರೆ ಹೋಲಿಸಬೇಕಾದುದು ಆ ರಾತ್ರಿ ವಾಸ್ತವವಾಗಿ ಸಿಗುವ ಸಾಲದೊಂದಿಗೆ.

ಒಬ್ಬ ಸದಸ್ಯೆಯು ಮಕ್ಕಳ ಶಾಲೆಯ ಖರ್ಚಿಗಾಗಿ 3,000 ರೂ. ಪಡೆದು, ತಿಂಗಳಿಗೆ 300 ರೂ. ಅಸಲಿನಂತೆ 10 ತಿಂಗಳಲ್ಲಿ ತೀರಿಸುತ್ತಾಳೆಂದು ಭಾವಿಸೋಣ. ಎರಡು ರೂಪಾಯಿ ಬಡ್ಡಿಯನ್ನು ಪ್ರತಿ ತಿಂಗಳೂ ಉಳಿದಿರುವ ಅಸಲಿನ ಮೇಲೆ ಮಾತ್ರ ಹಾಕಿದರೆ ಮೊದಲ ತಿಂಗಳು 60 ರೂ., ಎರಡನೆಯ ತಿಂಗಳು 54 ರೂ., ಹೀಗೆ ಇಳಿಯುತ್ತಾ ಕೊನೆಯ ತಿಂಗಳು 6 ರೂ. ಬರುತ್ತದೆ. ಒಟ್ಟು ಬಡ್ಡಿ 330 ರೂ. ಈ 330 ರೂ. ಹೊರಗೆ ಹೋಗದೆ ಗುಂಪಿನ ನಿಧಿಗೇ ಸೇರಿ, 15 ಸದಸ್ಯರಿಗೆ ತಲಾ 22 ರೂಪಾಯಿಯಂತೆ ಅವರವರ ಪಾಲನ್ನು ಬೆಳೆಸುತ್ತದೆ. ಸಾಲ ಪಡೆದವಳಿಗೂ ಅದರಲ್ಲಿ ಪಾಲಿದೆ.

ಅದೇ 3,000 ರೂಪಾಯಿಯನ್ನು ಊರಿನ ಲೇವಾದೇವಿಗಾರರಿಂದ ನೂರಕ್ಕೆ ಐದು ರೂಪಾಯಿಯಂತೆ ಪಡೆದರೆ ತಿಂಗಳಿಗೆ 150 ರೂ. ಬಡ್ಡಿ, 10 ತಿಂಗಳಿಗೆ 1,500 ರೂ. ಕೊಟ್ಟ ಮೇಲೆಯೂ ಅಸಲು 3,000 ರೂ. ಹಾಗೆಯೇ ನಿಂತಿರುತ್ತದೆ. “ಐದು ರೂಪಾಯಿ ಬಡ್ಡಿ” ಎಂಬ ಮಾತು ಕಿವಿಗೆ ಹಗುರವಾಗಿ ಕೇಳಿಸಿದರೂ ವರ್ಷಕ್ಕೆ ಅದು ಶೇಕಡ 60 ಎಂಬುದನ್ನು ಗಮನಿಸುವುದು.

ಇನ್ನೊಂದು ಬಗೆಯ ಸಾಲದಲ್ಲಿ 10,000 ರೂ. ಎಂದು ಬರೆಸಿಕೊಂಡು 9,000 ರೂ. ಕೈಗಿತ್ತು, ದಿನಕ್ಕೆ 100 ರೂಪಾಯಿಯಂತೆ 100 ದಿನ ವಸೂಲು ಮಾಡಲಾಗುತ್ತದೆ. ನೂರಕ್ಕೆ ಹತ್ತು ತಾನೇ ಎಂದು ಒಪ್ಪಿಕೊಳ್ಳುವವರು ಬಹಳ. ಆದರೆ ಅಸಲು ದಿನದಿನವೂ ಮರಳಿ ಹೋಗುತ್ತಿರುವುದರಿಂದ, ಸರಾಸರಿ ನೋಡಿದರೆ ಸಾಲಗಾರರ ಕೈಯಲ್ಲಿ ಉಳಿಯುವುದು 5,000 ರೂ.ಗಿಂತಲೂ ಕಡಿಮೆ ಹಣ. ಅದರ ಮೇಲೆ ಮೂರೂ ಚಿಲ್ಲರೆ ತಿಂಗಳಿಗೆ 1,000 ರೂ. ಎಂದರೆ ತಿಂಗಳಿಗೆ ನೂರಕ್ಕೆ ಆರು ರೂಪಾಯಿಯನ್ನೂ ಮೀರಿದ ಬಡ್ಡಿಯಾಗುತ್ತದೆ.

ಗುಂಪಿನೊಳಗೂ ಇಂತಹ ತಪ್ಪು ಆಗದಂತೆ ನೋಡಿಕೊಳ್ಳತಕ್ಕದ್ದು. ಮೇಲಿನ 3,000 ರೂ. ಸಾಲಕ್ಕೆ, ಲೆಕ್ಕ ಸುಲಭವೆಂಬ ಕಾರಣದಿಂದ, 10 ತಿಂಗಳೂ 60 ರೂಪಾಯಿಯಂತೆಯೇ ಬಡ್ಡಿ ಹಿಡಿದರೆ ಒಟ್ಟು 600 ರೂ. ಆಗುತ್ತದೆ. ಹೇಳುವಾಗ ಎರಡು ರೂಪಾಯಿ ಬಡ್ಡಿಯೇ. ವಾಸ್ತವದಲ್ಲಿ ಅದು ಮೂರೂವರೆ ರೂಪಾಯಿಗೂ ಹೆಚ್ಚು. ಆದುದರಿಂದ ಯಾವುದೇ ಸಾಲ ಪಡೆಯುವಾಗ, ಅದು ಗುಂಪಿನದಾಗಲಿ, ಹಣಕಾಸು ಸಂಸ್ಥೆಯದಾಗಲಿ, “ಬಡ್ಡಿ ಎಷ್ಟು” ಎಂದು ಕೇಳುವುದರೊಂದಿಗೆ “ಉಳಿದ ಅಸಲಿನ ಮೇಲೆಯೋ, ಪೂರ್ತಿ ಅಸಲಿನ ಮೇಲೆಯೋ” ಎಂದೂ, “ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು” ಎಂದೂ ಕೇಳಿ ತಿಳಿದುಕೊಳ್ಳುವುದು ಅರ್ಜಿದಾರರ ಹಕ್ಕು.

ಸಾಲದ ಕೋರಿಕೆಗಳು ಒಟ್ಟಿಗೆ ಬಂದಾಗ ಚಿಕಿತ್ಸೆ, ಹೆರಿಗೆ, ಶಾಲೆಯ ಖರ್ಚು ಮತ್ತು ಕೈಗಡಕ್ಕೆ ಇಟ್ಟ ಒಡವೆಯನ್ನು ಬಿಡಿಸುವುದು ಇವುಗಳಿಗೆ ಮೊದಲ ಸ್ಥಾನ ನೀಡುವುದು ವಾಡಿಕೆ. ಸಾಲವು ಉತ್ಪಾದಕ ಉದ್ದೇಶಕ್ಕೇ ಇರಬೇಕೆಂದು ಕೆಲವೆಡೆ ಹಟ ಹಿಡಿಯಲಾಗುತ್ತದೆ. ಜ್ವರ ಬಂದ ಮಗುವನ್ನು ತೋರಿಸಲು ಗುಂಪಿನಲ್ಲಿ ಹಣ ಸಿಗದಿದ್ದರೆ ತಾಯಿಯು ಐದು ರೂಪಾಯಿ ಬಡ್ಡಿಗೇ ಹೋಗುತ್ತಾಳಲ್ಲದೆ ಸಾಲ ಮಾಡದೆ ಇರುವುದಿಲ್ಲ ಎಂಬುದನ್ನು ಗುಂಪುಗಳು ಪರಿಗಣಿಸುವುದು ಒಳಿತು.

ಒಟ್ಟಾಗಿ ಕೊಳ್ಳುವುದು

ಸುಗ್ಗಿಯ ಕಾಲದಲ್ಲಿ ಒಟ್ಟಾಗಿ ದಿನಸಿ ಕೊಂಡು ಹಂಚಿಕೊಳ್ಳುವುದು ಗುಂಪಿನ ಇನ್ನೊಂದು ಉಪಯುಕ್ತ ಚಟುವಟಿಕೆ. ಹೊಸ ತೊಗರಿ, ಒಣಮೆಣಸಿನಕಾಯಿ ಮತ್ತು ಹುಣಸೆಹಣ್ಣು ವರ್ಷದ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಗೆ ಹೆಚ್ಚಾಗಿ ಬರುತ್ತವೆ. ಚಿಲ್ಲರೆ ಅಂಗಡಿಯಲ್ಲಿ ಕಾಲು ಕೆ.ಜಿ.ಯಂತೆ ತರುವವರಿಗೆ ಈ ಇಳಿಕೆಯ ಪ್ರಯೋಜನ ಪೂರ್ತಿಯಾಗಿ ಸಿಗುವುದಿಲ್ಲ. ಹದಿನೈದು ಮನೆಗಳಿಗೆಂದು ಮೂಟೆಯನ್ನೇ ಕೊಂಡಾಗ ಸಿಗುತ್ತದೆ. ಬೇಳೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆಗಳೊಂದಿಗೆ ಬಿಗಿಯಾದ ಡಬ್ಬಿಯಲ್ಲಿ ಇಡುವುದು. ಖರೀದಿಯ ರಸೀತಿಯನ್ನು ಸಭೆಯಲ್ಲಿ ಓದಿ, ತೂಕವನ್ನು ಎಲ್ಲರ ಎದುರಿನಲ್ಲಿಯೇ ಮಾಡತಕ್ಕದ್ದು. ಕೆಲವು ಗುಂಪುಗಳು ಮದುವೆ-ಮುಂಜಿಗಳಿಗೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ಕೊಂಡು ಸದಸ್ಯರಿಗೆ ಕಡಿಮೆ ಬಾಡಿಗೆಗೆ, ಇತರರಿಗೆ ಸಾಮಾನ್ಯ ಬಾಡಿಗೆಗೆ ನೀಡುತ್ತವೆ.

ಲೆಕ್ಕಪುಸ್ತಕಗಳು

ನಡಾವಳಿ ಪುಸ್ತಕ, ಹಾಜರಾತಿ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಲೆಡ್ಜರ್ ಹಾಗೂ ಪ್ರತಿ ಸದಸ್ಯೆಯ ಪಾಸ್ ಪುಸ್ತಕ ಇವುಗಳನ್ನು ಸಭೆಯಲ್ಲಿಯೇ ಬರೆಯತಕ್ಕದ್ದು. ಮನೆಗೆ ಒಯ್ದು ನಂತರ ಬರೆಯುವಂತಿಲ್ಲ. ಓದು ಬಾರದ ಸದಸ್ಯರ ಅನುಕೂಲಕ್ಕಾಗಿ ಅಂದಿನ ಸಂಗ್ರಹ, ನೀಡಿದ ಸಾಲ ಮತ್ತು ಉಳಿದ ನಗದನ್ನು ಸಭೆ ಮುಗಿಯುವ ಮುನ್ನ ಗಟ್ಟಿಯಾಗಿ ಓದಿ ಹೇಳಬೇಕು.

ಬ್ಯಾಂಕ್ ಖಾತೆ ಮತ್ತು ಬ್ಯಾಂಕ್ ಸಾಲ

ಗುಂಪಿನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಲು ಸಭೆಯ ನಿರ್ಣಯದ ಪ್ರತಿ, ಗುಂಪಿನ ನಿಯಮಾವಳಿ ಮತ್ತು ಪ್ರತಿನಿಧಿಗಳ ಗುರುತು ಹಾಗೂ ವಿಳಾಸದ ದಾಖಲೆ ಮತ್ತು ಭಾವಚಿತ್ರಗಳನ್ನು ಸಲ್ಲಿಸುವುದು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಖಾತೆ ತೆರೆಯುವ ಹಂತದಲ್ಲಿ ಪದಾಧಿಕಾರಿಗಳ ದಾಖಲೆಗಳು ಸಾಕು; ಎಲ್ಲ ಸದಸ್ಯರ ದಾಖಲೆಗಳನ್ನು ಕೇಳುವ ಅಗತ್ಯವಿಲ್ಲ. ಖಾತೆಯು ಪ್ರತಿನಿಧಿಗಳ ಜಂಟಿ ಸಹಿಯಿಂದ ನಡೆಯಬೇಕು.

ಗುಂಪು ಸುಮಾರು ಆರು ತಿಂಗಳು ಕ್ರಮವಾಗಿ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ ಮತ್ತು ಲೆಕ್ಕಗಳನ್ನು ನಡೆಸಿದ ನಂತರ ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸಬಹುದು. ಉಳಿತಾಯದಷ್ಟರಿಂದ ಅದರ ನಾಲ್ಕು ಪಟ್ಟಿನವರೆಗೆ ಸಾಲ ನೀಡುವುದು ಬ್ಯಾಂಕ್ ಜೋಡಣೆ ಕಾರ್ಯಕ್ರಮದ ಮೊದಲಿನಿಂದ ಬಂದ ಕ್ರಮ. ಮೇಲಿನ ಗುಂಪಿಗೆ 26 ವಾರಗಳ ಉಳಿತಾಯ 19,500 ರೂ. ಆಗಿದ್ದು, ನಾಲ್ಕು ಪಟ್ಟಿನಂತೆ 78,000 ರೂ. ಆಗುತ್ತದೆ. ಸ್ವಸಹಾಯ ಗುಂಪುಗಳ 10 ಲಕ್ಷ ರೂ.ವರೆಗಿನ ಸಾಲಕ್ಕೆ ಬ್ಯಾಂಕುಗಳು ಆಧಾರವನ್ನಾಗಲಿ ಠೇವಣಿಯನ್ನಾಗಲಿ ಕೇಳುವಂತಿಲ್ಲ. ಗುಂಪಿನ ಉಳಿತಾಯ ಖಾತೆಯನ್ನು ತಡೆಹಿಡಿಯುವಂತೆಯೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಒತ್ತಾಯಿಸಿದಲ್ಲಿ ಆ ವಿಷಯವನ್ನು ಲಿಖಿತವಾಗಿ ಶಾಖಾ ವ್ಯವಸ್ಥಾಪಕರ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಗಮನಕ್ಕೆ ತರುವುದು.

ಸದಸ್ಯರು ವಹಿಸಬೇಕಾದ ಎಚ್ಚರಿಕೆ

ತನ್ನ ಹೆಸರಿನಲ್ಲಿ ಸಾಲ ಪಡೆದು ಮತ್ತೊಬ್ಬರಿಗೆ ಕೊಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಹತ್ತಿರದ ಬಂಧುವೇ ಕೇಳಿದರೂ ಪುಸ್ತಕದಲ್ಲಿ ಸಾಲಗಾರಳಾಗಿ ಉಳಿಯುವವಳು ಸಹಿ ಮಾಡಿದವಳೇ. ಒಂದು ಕಂತನ್ನು ಕಟ್ಟಲು ಇನ್ನೊಂದು ಸಂಸ್ಥೆಯಿಂದ ಸಾಲ ಮಾಡುವ ಸ್ಥಿತಿ ಬಂದಲ್ಲಿ, ಅದನ್ನು ಮುಚ್ಚಿಡದೆ ಮುಂದಿನ ಸಭೆಯಲ್ಲಿಯೇ ತಿಳಿಸಿ ಕಂತಿನ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ಸಭೆಗೆ ಬರುವುದನ್ನು ನಿಲ್ಲಿಸುವುದು ಸಾಮಾನ್ಯವಾಗಿ ಇಂತಹ ಕಷ್ಟದ ಮೊದಲ ಲಕ್ಷಣವಾದುದರಿಂದ, ಸತತ ಎರಡು ವಾರ ಬಾರದ ಸದಸ್ಯೆಯ ಮನೆಗೆ ಇಬ್ಬರು ಹೋಗಿ ವಿಚಾರಿಸುವುದು. ವಸೂಲಿಗಾಗಿ ಅಲ್ಲ.

ಕಿರುಸಾಲ ನೀಡುವ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನಗಳಂತೆ, ಒಂದು ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಆ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9 ಗಂಟೆಗೆ ಮುನ್ನ ಮತ್ತು ಸಂಜೆ 6 ಗಂಟೆಯ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿಯೂ 2025ರಲ್ಲಿ ಪ್ರತ್ಯೇಕ ಕಾನೂನನ್ನು ತರಲಾಗಿದೆ. ಬೆದರಿಕೆ, ಮನೆಯ ಮುಂದೆ ಕೂರುವುದು, ಸಾಮಾನುಗಳನ್ನು ಒಯ್ಯುವುದು ಮುಂತಾದವು ನಡೆದಲ್ಲಿ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡುವುದು.

ಸಂಪರ್ಕಿಸಬೇಕಾದ ಕಚೇರಿ

ಗುಂಪು ರಚಿಸಲು ಇಚ್ಛಿಸುವವರು ಮೊದಲು ತಮ್ಮ ಗ್ರಾಮದ ಅಂಗನವಾಡಿ ಕಾರ್ಯಕರ್ತೆಯನ್ನು, ನಂತರ ವಲಯದ ಮೇಲ್ವಿಚಾರಕಿಯನ್ನು ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ಯೋಜನೆಯ ಆರಂಭದ ವರ್ಷಗಳಲ್ಲಿ ಪ್ರತಿ ಗುಂಪಿಗೆ 5,000 ರೂ. ಸುತ್ತುನಿಧಿಯನ್ನು ನೀಡಲಾಗುತ್ತಿತ್ತು, ಸಹಾಯಧನ ಮತ್ತು ತರಬೇತಿಯ ಬಗ್ಗೆ ಆಯಾ ವರ್ಷದ ಆದೇಶವನ್ನು ತಾಲ್ಲೂಕು ಕಚೇರಿಯಲ್ಲಿ ನೋಡಬಹುದು. ಗುಂಪು ರಚನೆಗಾಗಲಿ, ಅರ್ಜಿ ಬರೆಸುವುದಕ್ಕಾಗಲಿ ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ. ಕಚೇರಿಗೆ ಬರುವಾಗ ಇಬ್ಬರೂ ಪ್ರತಿನಿಧಿಗಳು ಬರುವುದು. ನಡಾವಳಿ ಪುಸ್ತಕ ಮತ್ತು ಬ್ಯಾಂಕಿನ ಪಾಸ್ ಪುಸ್ತಕವನ್ನು ಮೂಲದಲ್ಲಿಯೇ ತರುವುದು.