ನ್ಯಾಯಾಲಯದ ಮೆಟ್ಟಿಲ ಮೇಲೆ ವಕೀಲರ ಮಾತು

ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಹೆಸರುವಾಸಿಯಾದ ಒಬ್ಬರ ಮೇಲೆ ಲೈಂಗಿಕ ಅಪರಾಧದ ಆಪಾದನೆ ಬಂದಿತೆಂದು ಇಟ್ಟುಕೊಳ್ಳೋಣ. ಪೊಲೀಸರು ದೂರು ದಾಖಲಿಸಿದ ಮರುದಿನವೇ ಅವರ ವಕೀಲರು ಪತ್ರಿಕೆಯವರ ಮುಂದೆ ನಿಂತು ನಾಲ್ಕು ಮಾತು ಆಡುತ್ತಾರೆ. ಸಂಜೆಯೊಳಗೆ ಆ ಮಾತು ಹೋಟೆಲು, ಬಸ್ ನಿಲ್ದಾಣ, ಮನೆಯ ಜಗಲಿಗಳನ್ನೆಲ್ಲ ಮುಟ್ಟಿರುತ್ತದೆ. ವಿಚಾರಣೆ ಮುಗಿಯಲು ವರ್ಷಗಳು ಬೇಕು. ಊರು ತೀರ್ಪು ಕೊಡಲು ಒಂದು ಸಂಜೆ ಸಾಕು. ಆದ್ದರಿಂದ ವಕೀಲರು ಹಾಗೇಕೆ ಮಾತನಾಡುತ್ತಾರೆ, ಎಷ್ಟು ಮಾತನಾಡಬಹುದು, ನಾವು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

"ಇಂಥವರ ಪರವಾಗಿ ವಕೀಲರು ನಿಲ್ಲುವುದಾದರೂ ಹೇಗೆ?" ಎಂದು ಮನೆಗಳಲ್ಲಿ ಕೇಳುವುದುಂಟು. ಉತ್ತರ ಸಂವಿಧಾನದಲ್ಲಿಯೇ ಇದೆ. ಬಂಧಿತನಾದ ಪ್ರತಿಯೊಬ್ಬನಿಗೂ ತನಗೆ ಬೇಕಾದ ವಕೀಲರನ್ನು ಹೊಂದುವ ಹಕ್ಕನ್ನು 22ನೆಯ ವಿಧಿ ಕೊಟ್ಟಿದೆ. ಆಪಾದಿತನು ತಪ್ಪಿತಸ್ಥನೇ ಅಲ್ಲವೇ ಎಂಬ ಬಗ್ಗೆ ತಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲರು ಅವನ ಪರವಾಗಿ ವಾದಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಇಂಥ ಆರೋಪಿಯ ಪರ ಯಾರೂ ಹಾಜರಾಗಬಾರದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ, ಆರೋಪಿಯ ಪರ ನಿಂತ ಮಾತ್ರಕ್ಕೆ ವಕೀಲರನ್ನು ಹಳಿಯುವುದು ಸರಿಯಲ್ಲ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಕಕ್ಷಿಗಾರನ ಹಿತವನ್ನು ನ್ಯಾಯವಾದ, ಗೌರವಯುತವಾದ ಮಾರ್ಗಗಳಿಂದಲೇ ಕಾಯಬೇಕು. ಕಕ್ಷಿಗಾರ ಹೇಳಿಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಸಕೂಡದು. ಸುಳ್ಳು ಆಧಾರದ ಮೇಲೆ ಎದುರು ಪಕ್ಷದವರ ಮಾನಕ್ಕೆ ಧಕ್ಕೆ ತರಕೂಡದು. 2012ರ ದೆಹಲಿ ಪ್ರಕರಣದ ಇಬ್ಬರು ಪ್ರತಿವಾದಿ ವಕೀಲರು ಒಂದು ಸಾಕ್ಷ್ಯಚಿತ್ರದಲ್ಲಿ ಹೆಂಗಸರ ಬಗ್ಗೆ ಆಡಿದ ಮಾತುಗಳಿಗಾಗಿ 2015ರಲ್ಲಿ ಪರಿಷತ್ತು ಅವರಿಗೆ ನೋಟೀಸು ಕೊಟ್ಟಿತು. ಆರೋಪಿಯ ಪರ ವಾದಿಸಿದ್ದು ತಪ್ಪಾಗಿರಲಿಲ್ಲ. ಆಡಿದ ಮಾತಿಗೆ ಉತ್ತರ ಹೇಳಬೇಕಾಯಿತು.

ಇನ್ನು ಮೆಟ್ಟಿಲ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

"ನನ್ನ ಕಕ್ಷಿಗಾರರು ಆರೋಪವನ್ನು ಅಲ್ಲಗಳೆದಿದ್ದಾರೆ, ತನಿಖೆಗೆ ಸಹಕರಿಸುತ್ತಾರೆ" ಎಂಬುದು ಮೊದಲನೆಯದು. ಇದರಿಂದ ಯಾರಿಗೂ ಗಾಯವಿಲ್ಲ. ಅಪರಾಧ ರುಜುವಾಗುವ ತನಕ ಆತ ನಿರಪರಾಧಿಯೆಂದು ನೆನಪು ಮಾಡಿಕೊಡುವುದು ವಕೀಲರ ಧರ್ಮ.

"ಇದೆಲ್ಲ ಪಿತೂರಿ" ಎಂಬುದು ಎರಡನೆಯದು. ನಮ್ಮ ಜಿಲ್ಲೆಯವರು ಇದನ್ನು ಹತ್ತಿರದಿಂದಲೇ ಕೇಳಿದ್ದಾರೆ. ಚಿತ್ರದುರ್ಗದ ಶಿವಮೂರ್ತಿ ಮುರುಘಾ ಶರಣರ ಮೇಲೆ 2022ರ ಆಗಸ್ಟಿನಲ್ಲಿ ಪೋಕ್ಸೋ ಕಾಯಿದೆಯಡಿ ಮೊಕದ್ದಮೆ ದಾಖಲಾಗಿ, ಸೆಪ್ಟೆಂಬರ್ 1ರಂದು ಅವರ ಬಂಧನವಾಯಿತು. ಪಿತೂರಿಯ ಮಾತು ಆಗಲೇ ಎದ್ದಿತ್ತು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಆ ಮೊಕದ್ದಮೆಯಲ್ಲಿ ಅವರನ್ನು ಖುಲಾಸೆ ಮಾಡಿತು. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನವರ ಪ್ರಕರಣದಲ್ಲಿಯೂ ರಾಜಕೀಯ ಪಿತೂರಿ ಎಂಬ ಮಾತೇ ಬಂದಿತ್ತು. ಅವರ ಮೇಲಿನ ಮೊಕದ್ದಮೆಗಳಲ್ಲಿ ಒಂದರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅಪರಾಧ ರುಜುವಾತಾಗಿದೆಯೆಂದು ಹೇಳಿ, ಮರುದಿನ ಆಜೀವ ಕಾರಾಗೃಹ ಶಿಕ್ಷೆ ವಿಧಿಸಿತು. ಎರಡು ಕಡೆಯೂ ಕೇಳಿದ ಮಾತು ಒಂದೇ, ಬಂದ ತೀರ್ಪು ಬೇರೆ ಬೇರೆ. ಪಿತೂರಿ ಎಂಬ ಮಾತನ್ನು ಕೇಳಿದೊಡನೆ ನಂಬುವುದೂ ತಪ್ಪು, ನಗುವುದೂ ತಪ್ಪು. ಅದನ್ನು ಸಾಕ್ಷ್ಯವೇ ತೂಗಬೇಕು.

"ಇಷ್ಟು ದಿನ ಸುಮ್ಮನಿದ್ದು ಈಗೇಕೆ ದೂರು?" ಎಂಬುದು ಮೂರನೆಯದು. ಮಾನಕ್ಕೆ ಅಂಜಿ ಮನೆಯವರು ಹಿಂದುಮುಂದು ನೋಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ತಡಕ್ಕೆ ತಕ್ಕ ಕಾರಣವಿದ್ದಲ್ಲಿ ತಡವಾಯಿತೆಂಬುದೊಂದರಿಂದಲೇ ದೂರು ಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟು 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ನಾಲ್ಕನೆಯದು ಹೆಣ್ಣಿನ ನಡತೆಯನ್ನು ಕುರಿತದ್ದು, ಎಲ್ಲಕ್ಕಿಂತ ಹೆಚ್ಚು ನೋಯಿಸುವಂಥದ್ದು. ಫಿರ್ಯಾದಿಯ ನಡತೆ ಸರಿಯಿಲ್ಲವೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಹಿಂದೆ ಸಾಕ್ಷ್ಯ ಅಧಿನಿಯಮದಲ್ಲಿಯೇ ಅವಕಾಶವಿತ್ತು. 2002ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. 2013ರ ತಿದ್ದುಪಡಿ ಇನ್ನಷ್ಟು ಭದ್ರಪಡಿಸಿತು. ಮಕ್ಕಳ ಪಾಟೀಸವಾಲಿನಲ್ಲಿ ಚಾರಿತ್ರ್ಯವಧೆ ಮಾಡುವ ಪ್ರಶ್ನೆಗಳಿಗೆ ಪೋಕ್ಸೋ ಕಾಯಿದೆ ಎಡೆಗೊಡುವುದಿಲ್ಲ. ಆದರೂ ಹಳೆಯ ಆಲೋಚನೆ ಬೇಗ ಸಾಯುವುದಿಲ್ಲ. ಅತ್ಯಾಚಾರವಾದ ಮೇಲೆ ನಿದ್ರೆಹೋದೆನೆಂಬುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂಬ ಅರ್ಥದ ಮಾತು 2020ರ ಜೂನಿನಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿಯೇ ಕಾಣಿಸಿಕೊಂಡಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಜುಲೈ ತಿಂಗಳಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ನ್ಯಾಯಾಲಯದ ಒಳಗೆ ಹೀಗೆ ತಿದ್ದಿಕೊಳ್ಳುವ ದಾರಿಯಿದೆ. ಮೆಟ್ಟಿಲ ಮೇಲೆ ಆಡಿದ ಮಾತನ್ನು ಕಡತದಿಂದ ತೆಗೆಯುವವರು ಯಾರು?

ಸಣ್ಣ ಊರಿನಲ್ಲಿ ಇನ್ನೂ ಒಂದು ಅಪಾಯವಿದೆ. ನೊಂದವಳ ಹೆಸರನ್ನು ಮಾತ್ರವಲ್ಲ, ಗುರುತು ಬಯಲಾಗುವಂಥ ಯಾವುದನ್ನೂ ಪ್ರಕಟಿಸಬಾರದೆಂಬ ಕಾನೂನು 1983ರಿಂದ ಇದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು, ಮೀರಿದವರಿಗೆ 2 ವರ್ಷಗಳವರೆಗೆ ಸೆರೆವಾಸವುಂಟು. ಮಕ್ಕಳ ವಿಷಯದಲ್ಲಂತೂ ಕುಟುಂಬ, ಶಾಲೆ, ನೆರೆಹೊರೆಯ ವಿವರಗಳನ್ನೂ ಸುದ್ದಿಯಲ್ಲಿ ಕೊಡಬಾರದೆಂದು ಪೋಕ್ಸೋ ಕಾಯಿದೆ ಬಿಡಿಸಿಯೇ ಹೇಳಿದೆ. ಬೆಂಗಳೂರಿನಂಥ ನಗರದಲ್ಲಿ "ನೇಕಾರರ ಮನೆಯ ಹುಡುಗಿ" ಎಂದರೆ ಯಾರೆಂದು ತಿಳಿಯದು. ಮೊಳಕಾಲ್ಮೂರಿನಲ್ಲಿ ಬೀದಿಯ ಹೆಸರೊಂದನ್ನು ಅದಕ್ಕೆ ಸೇರಿಸಿದರೆ ಸಾಕು, ಸೀರೆ ನೇಯುವ ಮಗ್ಗದ ಮುಂದೆ ಕುಳಿತ ತಂದೆಯತ್ತ ಊರೆಲ್ಲ ತಿರುಗಿ ನೋಡುತ್ತದೆ. ಹೆಸರು ಹೇಳಲಿಲ್ಲವಲ್ಲ ಎಂಬ ಸಮಾಧಾನ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಒಳ್ಳೆಯ ವಕೀಲರು ಹೊರಗೆ ಎಷ್ಟು ಮಾತನಾಡುತ್ತಾರೆ? ತಮ್ಮ ಕಕ್ಷಿಗಾರನ ಬಗ್ಗೆ ಮಾತನಾಡುತ್ತಾರೆ, ದೂರು ಕೊಟ್ಟವಳ ಬಗ್ಗೆ ಮಾತನಾಡುವುದಿಲ್ಲ. ಅವಳನ್ನು ಪ್ರಶ್ನಿಸಬೇಕಾದುದನ್ನು ಒಳಗೆ, ನ್ಯಾಯಾಧೀಶರ ಎದುರಿಗೆ, ಅವಳು ಉತ್ತರ ಕೊಡಬಲ್ಲ ಸ್ಥಳದಲ್ಲಿ ಪ್ರಶ್ನಿಸುತ್ತಾರೆ. ಹೊರಗೆ ಆಡಿದ ಮಾತಿಗೆ ಅವಳು ಉತ್ತರ ಕೊಡಲಾರಳು; ಕೊಡಹೊರಟರೆ ತನ್ನ ಗುರುತನ್ನು ತಾನೇ ಬಿಟ್ಟುಕೊಡಬೇಕಾಗುತ್ತದೆ.

ಕೇಳುವವರಾದ ನಮಗೂ ಒಂದು ಕರ್ತವ್ಯವಿದೆ. ಮೆಟ್ಟಿಲ ಮೇಲಿನ ಮಾತು ಸಾಕ್ಷ್ಯವಲ್ಲ, ತೀರ್ಪೂ ಅಲ್ಲ. ಅದನ್ನು ಕೇಳಿದ ಮೇಲೆ ಆರೋಪಿಯನ್ನು ಕಳ್ಳನೆನ್ನುವುದಕ್ಕೂ ಹುಡುಗಿಯನ್ನು ಸುಳ್ಳಿಯೆನ್ನುವುದಕ್ಕೂ ಮೊದಲು ತಡೆಯೋಣ. ಯಾರ ಮಗಳಂತೆ ಎಂದು ಪಕ್ಕದ ಮನೆಯವರು ಕೇಳಿದಾಗ, ಗೊತ್ತಿದ್ದರೂ ಹೇಳದೆ ಇರೋಣ. ಕಾನೂನು ಅವಳಿಗೆ ಕೊಟ್ಟಿರುವ ಮರೆಯನ್ನು ಉಳಿಸುವುದು ನಮ್ಮ ಕೈಯಲ್ಲಿಯೂ ಇದೆ.