ಬೆತ್ತಕ್ಕೆ ಬಗ್ಗದ ವ್ಯಾಧಿಗಳು

ಮಕ್ಕಳಿಗೆ ಜ್ವರ ಬಂದರೆ ವೈದ್ಯರನ್ನು ಕರೆಯುತ್ತೇವೆ; ಕೈಕಾಲು ಮುರಿದರೆ ಆಸ್ಪತ್ರೆಗೆ ಹೊತ್ತೊಯ್ಯುತ್ತೇವೆ. ಆದರೆ ಎಂಟು ವರ್ಷದ ಹುಡುಗನೊಬ್ಬನು ಊಟಕ್ಕೆ ಮೊದಲು ಇಪ್ಪತ್ತು ಸಲ ಕೈ ತೊಳೆದು, ಚರ್ಮ ಬಿರಿದು ರಕ್ತ ಒಸರುತ್ತಿದ್ದರೂ ಮತ್ತೆ ನಲ್ಲಿಯ ಕಡೆಗೆ ಓಡಿದರೆ ಅದನ್ನು ಹಟವೆನ್ನುತ್ತೇವೆ. ಹತ್ತು ವರ್ಷದ ಬಾಲಕನು ತರಗತಿಯಲ್ಲಿ ಪದೇ ಪದೇ ಕಣ್ಣು ಮಿಟುಕಿಸಿ, ಹೆಗಲು ಕುಣಿಸಿ, ಗಂಟಲಿನಿಂದ ಸದ್ದು ಹೊರಡಿಸಿದರೆ ಅದನ್ನು ಚೇಷ್ಟೆಯೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ಶಾಲೆಯ ಹೊತ್ತಾಯಿತೆಂದರೆ ಹೊಟ್ಟೆನೋವೆಂದು ಅಳುತ್ತ ತಾಯಿಯ ಸೆರಗನ್ನು ಬಿಡದ ಹುಡುಗಿಯನ್ನು ಮೈಗಳ್ಳಿಯೆಂದು ಜರೆಯುತ್ತೇವೆ. ಮನೆಯಲ್ಲಿ ದೃಷ್ಟಿ ತೆಗೆಯುವುದು, ಶಾಲೆಯಲ್ಲಿ ಬೆತ್ತ ತೆಗೆಯುವುದು: ಇವೆರಡೇ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಚಿಕಿತ್ಸೆಗಳು. ಈ ಮೂವರು ಮಕ್ಕಳೂ ವ್ಯಾಧಿಗ್ರಸ್ತರಾಗಿರಬಹುದೆಂಬುದನ್ನೂ, ಆ ವ್ಯಾಧಿಗಳಿಗೆ ಪರೀಕ್ಷಿಸಲ್ಪಟ್ಟ ಚಿಕಿತ್ಸೆಯುಂಟೆಂಬುದನ್ನೂ ಕಳೆದ ನಾಲ್ಕು ದಶಕಗಳ ಸಂಶೋಧನೆಯು ತೋರಿಸಿಕೊಟ್ಟಿದೆ. ಅದರ ಸಾರಾಂಶವನ್ನು ಕುಟುಂಬದ ಹಿರಿಯರ, ಉಪಾಧ್ಯಾಯರ ಹಾಗೂ ಅಧಿಕಾರಿವರ್ಗದ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಈ ವ್ಯಾಧಿಗಳ ಲಕ್ಷಣವನ್ನು ತಿಳಿಯೋಣ. ಒಂದನೆಯದು ಗೀಳು ರೋಗ. ಮನಸ್ಸಿನೊಳಗೆ ಬೇಡವೆಂದರೂ ಬಿಡದೆ ನುಗ್ಗುವ ಒಂದು ಭಯದ ಆಲೋಚನೆ; ಆ ಭಯವನ್ನು ಅಡಗಿಸುವುದಕ್ಕಾಗಿ ಮತ್ತೆ ಮತ್ತೆ ಮಾಡಬೇಕಾಗುವ ಒಂದು ಕ್ರಿಯೆ. ಕೈ ಹೊಲಸಾಗಿದೆಯೆಂಬುದು ಆಲೋಚನೆ, ತೊಳೆಯುವುದು ಕ್ರಿಯೆ. ತಾನು ಎಣಿಸುವುದನ್ನು ನಿಲ್ಲಿಸಿದರೆ ತಾಯಿಗೆ ಕೇಡಾಗುವುದೆಂಬುದು ಆಲೋಚನೆ, ಎಣಿಸುವುದು ಕ್ರಿಯೆ. ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬಿಬ್ಬರಿಗೆ ಇದು ತಗಲುವುದೆಂದು ತಜ್ಞರ ಅಂದಾಜು. ಎರಡನೆಯದು ಟಿಕ್ ಎಂದು ವೈದ್ಯರು ಕರೆಯುವ ಅಂಗಚಲನೆ ಮತ್ತು ಧ್ವನಿಗಳು. ಇವು ಸಾಮಾನ್ಯವಾಗಿ ಐದಾರು ವರ್ಷಗಳ ವಯಸ್ಸಿನಲ್ಲಿ ತಲೆದೋರಿ, ಹತ್ತು-ಹನ್ನೆರಡರಲ್ಲಿ ಉಲ್ಬಣಿಸಿ, ಹರೆಯ ಬಂದಂತೆ ಅನೇಕರಲ್ಲಿ ತಗ್ಗುತ್ತವೆ. ಚಲನೆ, ಧ್ವನಿ ಎರಡೂ ಕೂಡಿ ವರ್ಷಕ್ಕೆ ಮೀರಿ ಉಳಿದರೆ ಅದಕ್ಕೆ ಟುರೆಟ್ ವ್ಯಾಧಿಯೆಂದು ಹೆಸರು. ಮೂರನೆಯದು ಆತಂಕ ವ್ಯಾಧಿ. ಹೆತ್ತವರನ್ನು ಅಗಲುವ ಭಯ, ಜನರೆದುರು ಬಾಯಿ ತೆರೆಯುವ ಭಯ, ಕಾರಣವಿಲ್ಲದೆ ಸದಾ ಕಾಡುವ ಕಳವಳ ಇವೆಲ್ಲ ಅದರ ರೂಪಗಳು. ಈ ಮೂರೂ ಅನೇಕ ವೇಳೆ ಒಂದೇ ಮಗುವಿನಲ್ಲಿ, ಒಂದೇ ಮನೆತನದಲ್ಲಿ ಜೊತೆಗೂಡಿ ಬರುತ್ತವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಮಲಗುವ ಮುನ್ನ ಒಂದೇ ಕಥೆಯನ್ನು ಬೇಡುವ ಮಗುವೂ, ಕತ್ತಲೆಗೆ ಅಂಜುವ ಮಗುವೂ ರೋಗಿಗಳಲ್ಲ. ಶುಚಿತ್ವವೂ ಮಡಿಯೂ ರೋಗವಲ್ಲ. ಮಡಿಯಲ್ಲಿರುವವನು ಸ್ನಾನ ಮುಗಿಸಿ ನೆಮ್ಮದಿಯಿಂದ ಹೊರಬರುತ್ತಾನೆ. ಗೀಳು ಹಿಡಿದವನಿಗೆ ಸ್ನಾನ ಮುಗಿಯುವುದೇ ಇಲ್ಲ. ದಿನದ ಹೊತ್ತನ್ನು ನುಂಗಿ, ಓದು ಊಟ ಆಟಗಳನ್ನು ಕೆಡಿಸಿ, ಮಗುವನ್ನು ಸಂಕಟಕ್ಕೆ ಗುರಿಮಾಡಿದಾಗ ಮಾತ್ರ ಅದು ವ್ಯಾಧಿಯೆನಿಸುವುದು.

ಟಿಕ್ ವ್ಯಾಧಿಯ ಚರಿತ್ರೆಯು ನೂರು ವರ್ಷಗಳಿಗಿಂತ ಹಳೆಯದು. ಫ್ರಾನ್ಸ್ ದೇಶದ ವೈದ್ಯ ಇಟಾರ್ ಎಂಬವರು ೧೮೨೫ರಲ್ಲಿ ಕುಲೀನ ಮಹಿಳೆಯೊಬ್ಬಳ ಸಂಗತಿಯನ್ನು ವರ್ಣಿಸಿದರು. ೧೮೮೫ರಲ್ಲಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾರ್ಜ್ ಜೀಲ್ ದ ಲಾ ಟುರೆಟ್ ಅವರು ಒಂಬತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ವ್ಯಾಧಿಗೆ ಅವರ ಹೆಸರೇ ನಿಂತಿತು. ಆ ಮೇಲೆ ಬಹುಕಾಲ ಇದನ್ನು ಮನಸ್ಸಿನ ಒಳಜಗಳದ ಫಲವೆಂದೂ, ತಂದೆತಾಯಿಗಳ ದೋಷವೆಂದೂ ಭಾವಿಸಿದವರು ಪಶ್ಚಿಮದಲ್ಲಿಯೂ ಉಂಟು. ೧೯೬೦ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಎಂಬ ಔಷಧದಿಂದ ಟಿಕ್‌ಗಳು ತಗ್ಗಿದುದು ಕಂಡುಬಂದ ಬಳಿಕ ಆ ಭಾವನೆ ಸಡಿಲಿತು. ಮೆದುಳಿನ ಆಳದಲ್ಲಿ ಚಲನೆಗಳನ್ನು ಬಿಡುವ, ತಡೆಯುವ ಕೇಂದ್ರಗಳಿಗೂ ಈ ವ್ಯಾಧಿಗಳಿಗೂ ಸಂಬಂಧವುಂಟೆಂಬುದು ಈಗ ವಿದ್ವಾಂಸರ ಮತ. ಅಂದಮೇಲೆ ಬೆತ್ತದ ಪೆಟ್ಟು ಅಲ್ಲಿಗೆ ಹೇಗೆ ಮುಟ್ಟೀತು?

ಗೀಳು ರೋಗದ ಚಿಕಿತ್ಸೆಯು ತಿರುವು ಪಡೆದುದು ೧೯೬೬ರಲ್ಲಿ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬವರು ಇಬ್ಬರು ವಯಸ್ಕ ರೋಗಿಗಳ ಮೇಲೆ ಹೊಸ ವಿಧಾನವೊಂದನ್ನು ಪ್ರಯೋಗಿಸಿ ವರದಿಮಾಡಿದರು. ಆ ವಿಧಾನದ ಹಿಂದಿರುವ ತರ್ಕವು ಸರಳವಾದುದು. ಕೈ ತೊಳೆದ ಕ್ಷಣದಲ್ಲಿ ಭಯ ಇಳಿಯುತ್ತದೆ. ಇಳಿಯುವುದರಿಂದಲೇ ತೊಳೆಯುವ ಚಟ ಬೇರೂರುತ್ತದೆ. ತೊಳೆಯದಿದ್ದರೂ ಭಯವು ಇಳಿಯುವುದೇ ಎಂಬುದನ್ನು ರೋಗಿಯು ಅರಿಯುವ ಅವಕಾಶವೇ ದೊರೆಯುವುದಿಲ್ಲ. ಆದುದರಿಂದ ಚಿಕಿತ್ಸಕನು ಮಗುವಿನೊಡನೆ ಕುಳಿತು ಭಯಗಳ ಏಣಿಯೊಂದನ್ನು ಸಿದ್ಧಪಡಿಸುತ್ತಾನೆ. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, ಬಾಗಿಲಿನ ಹಿಡಿಯನ್ನು ಮುಟ್ಟಿ ಕೈ ತೊಳೆಯದೆ ಇರುವುದು, ನೆಲಕ್ಕೆ ಬಿದ್ದ ಪೆನ್ಸಿಲನ್ನು ಎತ್ತಿಕೊಂಡು ಹಾಗೆಯೇ ಬರೆಯುವುದು, ಹೀಗೆ ಒಂದೊಂದೇ ಹೆಜ್ಜೆ ಏರಿಸುತ್ತಾನೆ. ಭಯವು ಏರಿ, ನಿಂತು, ತಾನಾಗಿ ಇಳಿಯುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಇದು ಬಲಾತ್ಕಾರವಲ್ಲ, ಮಗುವಿನ ಒಪ್ಪಿಗೆಯಿಲ್ಲದೆ ಒಂದು ಮೆಟ್ಟಿಲನ್ನೂ ಏರಿಸುವಂತಿಲ್ಲ.

೧೯೮೯ರಲ್ಲಿ ಅಮೇರಿಕೆಯ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಜೂಡಿತ್ ರಾಪೊಪೋರ್ಟ್ ಅವರು, ತೊಳೆಯುವುದನ್ನು ನಿಲ್ಲಿಸಲಾರದ ಬಾಲಕನ ಹೆಸರಿನ ತಮ್ಮ ಪುಸ್ತಕದಿಂದ ಈ ವ್ಯಾಧಿಯು ಮಕ್ಕಳಲ್ಲಿಯೂ ಉಂಟೆಂಬುದನ್ನು ಜನಸಾಮಾನ್ಯರ ಅರಿವಿಗೆ ತಂದರು. ಕ್ಲೋಮಿಪ್ರಮೀನ್ ಎಂಬ ಔಷಧವು ಮಕ್ಕಳ ಗೀಳನ್ನು ತಗ್ಗಿಸುವುದೆಂಬುದು ಅವರ ತಂಡದ ಪರೀಕ್ಷೆಗಳಿಂದ ಸಿದ್ಧವಾಯಿತು. ಆಗ ಉಳಿದ ಪ್ರಶ್ನೆ ಒಂದೇ: ಔಷಧ ಮೇಲೋ, ಅಭ್ಯಾಸದ ಚಿಕಿತ್ಸೆ ಮೇಲೋ?

ಇದಕ್ಕೆ ಉತ್ತರವನ್ನು ೨೦೦೪ರಲ್ಲಿ ಪ್ರಕಟವಾದ ಅಮೇರಿಕೆಯ ಪರೀಕ್ಷೆಯೊಂದು ನೀಡಿತು. ಏಳರಿಂದ ಹದಿನೇಳು ವಯಸ್ಸಿನ ೧೧೨ ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಿ ಹನ್ನೆರಡು ವಾರ ಚಿಕಿತ್ಸೆ ನಡೆಸಿದರು. ಔಷಧಾಂಶವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ರೋಗವು ಬಹುಮಟ್ಟಿಗೆ ಇಳಿದವರು ನೂರಕ್ಕೆ ೩.೬, ಸರ್ಟ್ರಲೀನ್ ಔಷಧ ಮಾತ್ರ ಪಡೆದವರಲ್ಲಿ ೨೧.೪, ಅಭ್ಯಾಸದ ಚಿಕಿತ್ಸೆ ಮಾತ್ರ ಪಡೆದವರಲ್ಲಿ ೩೯.೩, ಎರಡನ್ನೂ ಪಡೆದವರಲ್ಲಿ ೫೩.೬. ಆದುದರಿಂದ ಅಭ್ಯಾಸದ ಚಿಕಿತ್ಸೆಯಿಂದ, ಇಲ್ಲವೆ ಅದರೊಡನೆ ಔಷಧವನ್ನು ಕೂಡಿಸಿ ಆರಂಭಿಸತಕ್ಕದ್ದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ೨೦೦೮ರಲ್ಲಿ ಆತಂಕ ವ್ಯಾಧಿಯ ೪೮೮ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲವೂ ಇದೇ ದಿಕ್ಕಿನದು: ಎರಡೂ ಕೂಡಿದಾಗ ಚೆನ್ನಾಗಿ ಸುಧಾರಿಸಿದವರು ನೂರಕ್ಕೆ ೮೦.೭, ಚಿಕಿತ್ಸೆ ಮಾತ್ರದಿಂದ ೫೯.೭, ಔಷಧ ಮಾತ್ರದಿಂದ ೫೪.೯, ಹುಸಿಗುಳಿಗೆಯಿಂದ ೨೩.೭.

ಟಿಕ್‌ಗಳ ವಿಷಯದಲ್ಲಿಯೂ ಇಂಥದೇ ಪ್ರಗತಿಯಾಗಿದೆ. ೧೯೭೩ರಲ್ಲಿ ಅಜ್ರಿನ್ ಮತ್ತು ನನ್ ಎಂಬವರು ರೂಪಿಸಿದ ವಿಧಾನವನ್ನು ವಿಸ್ತರಿಸಿ, ೨೦೧೦ರಲ್ಲಿ ೧೨೬ ಮಕ್ಕಳ ಮೇಲೆ ಪರೀಕ್ಷಿಸಿದರು. ಚಲನೆಗೆ ಮುನ್ನ ಮೈಯಲ್ಲಿ ಏಳುವ ತುಡಿತವನ್ನು ಮಗುವು ಗುರುತಿಸಬೇಕು; ಆ ಕ್ಷಣದಲ್ಲಿ ಆ ಚಲನೆಗೆ ಎಡೆಗೊಡದ ಬೇರೊಂದು ಭಂಗಿಯನ್ನು ತುಡಿತ ಇಳಿಯುವವರೆಗೆ ಹಿಡಿದಿರಬೇಕು. ಕತ್ತು ಕೊಸರುವ ಮಗು ಗಲ್ಲವನ್ನು ಮೆಲ್ಲಗೆ ತಗ್ಗಿಸಿ ಕತ್ತನ್ನು ಸ್ಥಿರವಾಗಿಡುವುದು ಒಂದು ಉದಾಹರಣೆ. ಹತ್ತು ವಾರಗಳಲ್ಲಿ ಎಂಟು ಭೇಟಿಗಳಷ್ಟೇ. ಸುಧಾರಿಸಿದವರು ನೂರಕ್ಕೆ ೫೨.೫, ಸಾಂತ್ವನ ಮತ್ತು ತಿಳುವಳಿಕೆ ಮಾತ್ರ ಪಡೆದವರಲ್ಲಿ ೧೮.೫. ‘ಸುಮ್ಮನಿರು’ ಎಂದು ಗದರಿಸುವುದಕ್ಕೂ ಸುಮ್ಮನಿರುವುದು ಹೇಗೆಂದು ಕಲಿಸುವುದಕ್ಕೂ ಇರುವ ಅಂತರವು ಇಲ್ಲಿ ಅಂಕಿಗಳಲ್ಲಿಯೇ ಕಾಣುವುದು.

ಈ ಅಂಕಿಗಳನ್ನು ನಾವು ಹಿಗ್ಗಿಸಿ ಹೇಳಬಯಸುವುದಿಲ್ಲ. ಅತ್ಯುತ್ತಮ ಚಿಕಿತ್ಸೆಯಿಂದಲೂ ಎಲ್ಲ ಮಕ್ಕಳೂ ಗುಣಹೊಂದಿಲ್ಲ. ಔಷಧಗಳೂ ಎಚ್ಚರಿಕೆಯಿಂದ ಬಳಸತಕ್ಕವು; ಈ ವರ್ಗದ ಔಷಧಗಳಿಂದ ಕೆಲವು ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚಬಹುದೆಂದು ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆಯು ೨೦೦೪ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಆದಕಾರಣ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಗುಳಿಗೆಯನ್ನು ಕೊಡುವುದೂ ತಪ್ಪು, ಹೆದರಿ ನಡುವೆ ನಿಲ್ಲಿಸುವುದೂ ತಪ್ಪು.

ಇಷ್ಟೆಲ್ಲ ಸರಿ, ಆದರೆ ನಮ್ಮ ತಾಲೂಕುಗಳಲ್ಲಿ ಇಂಥ ಚಿಕಿತ್ಸಕರು ಎಲ್ಲಿದ್ದಾರೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೂ ಸಂಶೋಧನೆಯು ದಾರಿ ತೋರಿಸಿದೆ. ಮಗುವಿನ ಭಯಕ್ಕೆ ಮನೆಯವರೇ ಅರಿಯದೆ ನೀರೆರೆಯುತ್ತಾರೆ. ಅದು ಕೇಳಿದಷ್ಟು ಸಲ ‘ಏನೂ ಆಗುವುದಿಲ್ಲ ಕಂದಾ’ ಎನ್ನುತ್ತಾರೆ. ಅದಕ್ಕಾಗಿ ತಾವೂ ಪಾತ್ರೆಗಳನ್ನು ಮತ್ತೆ ತೊಳೆಯುತ್ತಾರೆ. ಶಾಲೆ ಬೇಡವೆಂದರೆ ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾರೆ. ಮಮತೆಯಿಂದಲೇ ಮಾಡಿದರೂ ಇವೆಲ್ಲ ಭಯದ ಪೋಷಣೆಯೇ ಸರಿ. ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲೈ ಲೆಬೊವಿಟ್ಸ್ ಮತ್ತು ಸಂಗಡಿಗರು ಆತಂಕ ವ್ಯಾಧಿಯ ೧೨೪ ಮಕ್ಕಳಲ್ಲಿ ಕೆಲವರಿಗೆ ನೇರವಾಗಿ ಚಿಕಿತ್ಸೆ ಕೊಟ್ಟರು. ಉಳಿದವರ ಹೆತ್ತವರಿಗೆ ಮಾತ್ರ ತರಬೇತಿ ಕೊಟ್ಟರು. ಮಗುವಿನ ಸಂಕಟವನ್ನು ಅಲ್ಲಗಳೆಯದೆ, ‘ನಿನಗೆ ಕಷ್ಟವಾಗಿದೆ, ಆದರೂ ನೀನು ತಾಳಬಲ್ಲೆ’ ಎಂದು ಧೈರ್ಯ ಹೇಳಿ, ತಮ್ಮ ಒತ್ತಾಸೆಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂತೆಗೆದುಕೊಳ್ಳುವುದೇ ಆ ತರಬೇತಿ. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡನೆಯ ಮಾರ್ಗವು ಮೊದಲನೆಯದಕ್ಕೆ ಕಡಿಮೆಯಾಗಿರಲಿಲ್ಲ. ಸ್ವೀಡನ್ನಿನಲ್ಲಿ ಗೀಳು ರೋಗದ ೧೫೨ ಮಕ್ಕಳ ಪರೀಕ್ಷೆಯೊಂದು ೨೦೨೧ರಲ್ಲಿ ಪ್ರಕಟವಾಯಿತು. ಮೊದಲು ಇಂಟರ್‌ನೆಟ್ ಮೂಲಕ, ಸಾಲದಿದ್ದವರಿಗೆ ಮಾತ್ರ ಮುಖತಃ ಚಿಕಿತ್ಸೆ ನೀಡಿದ ಕ್ರಮವೂ ಆರಂಭದಿಂದ ಮುಖತಃ ನೀಡಿದ ಚಿಕಿತ್ಸೆಗೆ ಸರಿಸಮವಾಗಿ ನಿಂತಿತು. ದೂರದ ಹಳ್ಳಿಗಳುಳ್ಳ ನಾಡಿಗೆ ಇವೆರಡೂ ಗಮನಾರ್ಹವಾದ ಸಂಗತಿಗಳು.

ಕನ್ನಡ ನಾಡು ಈ ಕಾರ್ಯಕ್ಕೆ ಬರಿಗೈಯಲ್ಲಿ ನಿಂತಿಲ್ಲ. ೧೯೭೪ರಲ್ಲಿ ಈಗಿನ ರೂಪ ತಾಳಿದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ಗೀಳು ರೋಗಕ್ಕೇ ಮೀಸಲಾದ ಚಿಕಿತ್ಸಾಲಯವೂ ಉಂಟು. ೧೯೮೦ರ ದಶಕದಲ್ಲಿ ಇದೇ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದೆಂದು ತೋರಿಸಿದರು. ೧೯೯೬ರಿಂದ ಭಾರತದ ಇತರ ಜಿಲ್ಲೆಗಳಿಗೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಯಾವ ಊರಿನಿಂದಲಾದರೂ ದೂರವಾಣಿ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಹೀಗಿರುವಲ್ಲಿ ಮುಂದೆ ಆಗಬೇಕಾದುದೇನು? ಮೊದಲನೆಯದಾಗಿ, ಉಪಾಧ್ಯಾಯರ ತರಬೇತಿಯಲ್ಲಿ ಈ ಮೂರು ವ್ಯಾಧಿಗಳ ಲಕ್ಷಣಗಳಿಗೆ ಒಂದು ಪಾಠವಾದರೂ ಇರಬೇಕು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಟಿಕ್‌ಗೂ ತಂಟೆಗೂ ಭೇದವನ್ನು ತಿಳಿಯದ ಉಪಾಧ್ಯಾಯನು ಬೆತ್ತವನ್ನು ಬಿಟ್ಟರೂ ನಾಲಗೆಯನ್ನು ಬಿಡಲಾರನು. ಎರಡನೆಯದಾಗಿ, ಪ್ರತಿ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಮಕ್ಕಳ ಅಭ್ಯಾಸದ ಚಿಕಿತ್ಸೆಯಲ್ಲಿ ಪಳಗಿದ ಒಬ್ಬರಾದರೂ ಇರಬೇಕು. ಗುಳಿಗೆ ಬರೆದುಕೊಡುವುದು ಸುಲಭವೆಂದು ಅಷ್ಟಕ್ಕೇ ತೃಪ್ತಿಪಟ್ಟರೆ ಚಿಕಿತ್ಸೆಯ ಬಲವಾದ ಅರ್ಧವನ್ನೇ ಬಿಟ್ಟಂತಾಗುವುದು. ಮೂರನೆಯದಾಗಿ, ಹೆತ್ತವರ ತರಬೇತಿಯ ಕೈಪಿಡಿಗಳು ಸುಲಭವಾದ ಕನ್ನಡದಲ್ಲಿ ಮನೆಮನೆಗೆ ಮುಟ್ಟಬೇಕು. ಇವಾವುವೂ ಭಾರಿ ಕಟ್ಟಡಗಳನ್ನಾಗಲಿ ಬೆಲೆಯುಳ್ಳ ಯಂತ್ರಗಳನ್ನಾಗಲಿ ಬೇಡುವ ಕಾರ್ಯಗಳಲ್ಲ.

ಅಲ್ಲಿಯವರೆಗೆ ಪ್ರತಿಯೊಬ್ಬ ಗೃಹಸ್ಥನೂ ಸರಕಾರದ ಆಜ್ಞೆಗೆ ಕಾಯದೆ ಮಾಡಬಹುದಾದ ಕೆಲಸವೊಂದುಂಟು. ತನ್ನ ಮನೆಯ ಮಗುವಿನ ವಿಚಿತ್ರ ವರ್ತನೆಯನ್ನು ಕಂಡಾಗ ಕೈಯೆತ್ತುವ ಮುನ್ನ, ‘ಇದನ್ನು ನಿಲ್ಲಿಸಬೇಕೆಂದು ನಿನಗೂ ಅನಿಸುವುದೇ? ನಿಲ್ಲಿಸಲು ಆಗುತ್ತಿಲ್ಲವೇ?’ ಎಂದು ಮೆಲ್ಲಗೆ ಕೇಳಿನೋಡಲಿ. ಎಷ್ಟೋ ಮಕ್ಕಳು ತಮ್ಮ ಗೀಳನ್ನು ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುತ್ತಾರೆ. ಯಾರೂ ಕೇಳದಿರುವುದೇ ಅದಕ್ಕೊಂದು ಕಾರಣ. ಹೌದೆಂಬ ಉತ್ತರ ಬಂದರೆ ಮರುದಿನವೇ ವೈದ್ಯರ ಬಾಗಿಲಿಗೆ ಹೋಗತಕ್ಕದ್ದು.