ಎರಡನೇ ಸಲದ ಆಪರೇಷನ್ ಶೋಕಿಯಲ್ಲ

ಕಳೆದ ತಿಂಗಳು ಒಂದು ರಾತ್ರಿ, ಇಶಾ ನಮಾಝ್ ಮುಗಿದು ಮಸೀದಿ ಖಾಲಿಯಾಗುವವರೆಗೂ ಒಬ್ಬರು ಕಂಬದ ಪಕ್ಕ ಕೂತೇ ಇದ್ದರು. ಕರಾವಳಿಯಿಂದ ಬಂದು ವಿಜಯಪುರದಲ್ಲಿ ಬೇಕರಿ ನಡೆಸುವವರು. ಕೊನೆಗೆ ಎದ್ದು ಬಂದು, "ಉಸ್ತಾದ್, ಒಂದು ಮಸ್‌ಅಲ ಕೇಳ್ಲಿಕ್ಕುಂಟು. ಹೆಂಗಸರ ವಿಷಯ. ಯಾರಲ್ಲಿ ಕೇಳುವುದು ಅಂತ ಗೊತ್ತಾಗ್ಲಿಲ್ಲ" ಎಂದರು.

ಎರಡು ವರ್ಷದ ಹಿಂದೆ ಅವರ ಮಡದಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಡಾಕ್ಟರು ಒಂದು ಸ್ತನ ತೆಗೆದು, ಹೊಟ್ಟೆಯ ಚರ್ಮ ಮತ್ತು ಕೊಬ್ಬು ಬಳಸಿ ಅದೇ ಜಾಗದಲ್ಲಿ ಹೊಸದಾಗಿ ಸ್ತನದ ಆಕಾರ ಕಟ್ಟಿದ್ದರು. ಕೀಮೋ, ರೇಡಿಯೇಷನ್ ಎಲ್ಲ ಮುಗಿದು ರಿಪೋರ್ಟ್ ಚೆನ್ನಾಗಿ ಬಂದಿದೆ. ಆದರೆ ಎದೆಯ ಮೇಲ್ಭಾಗದಲ್ಲಿ ಒಂದು ಕುಳಿ ಬಿದ್ದಿದೆ, ಕಂಕುಳ ಹತ್ತಿರದ ಗಾಯದ ಗುರುತು ಕೈ ಎತ್ತಿದಾಗ ಎಳೆಯುತ್ತದೆ. ತೊಡೆಯ ಕೊಬ್ಬು ತೆಗೆದು ಆ ಕುಳಿಗೆ ತುಂಬಿಸೋಣ, ಬಹುಶಃ ಎರಡು ಸಲ ಮಾಡಬೇಕಾದೀತು ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಅಲ್ಲಿಂದ ಚರ್ಚೆ ಶುರು. "ಜೀವ ಉಳಿಯಿತಲ್ಲ, ಅಲ್‌ಹಮ್ದುಲಿಲ್ಲಾಹ್, ಇನ್ನು ಯಾಕೆ ಕೊಯ್ಯಿಸಿಕೊಳ್ಳುವುದು?" ಎನ್ನುತ್ತಾರೆ ಅವರ ಉಮ್ಮ. ಇನ್ನೊಬ್ಬ ಸಂಬಂಧಿಕರು ಇದು ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸುವುದು, ಹರಾಮ್ ಎಂದಿದ್ದಾರೆ.

"ನಿಮ್ಮ ಮನೆಯವರು ಏನು ಹೇಳ್ತಾರೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳಲ್ಲಿ ಕೇಳ್ಲಿಲ್ಲ ಉಸ್ತಾದ್" ಎಂದರು.

ಅವರಿಬ್ಬರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಕ್ಯಾನ್ಸರ್ ಬಗ್ಗೆ ಈಗ ನಾವು ಅಷ್ಟಿಷ್ಟು ಮಾತಾಡುತ್ತೇವೆ, ಅದಾದ ಮೇಲಿನ ದಿನಗಳ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಚಿನ್ನದ ಮೂಗಿನ ಸ್ವಹಾಬಿ

ಮೊದಲು ದೀನಿನ ಮಾತು. ಅರ್‌ಫಜ ಇಬ್ನ್ ಅಸ್‌ಅದ್ (ರ) ಎಂಬ ಸ್ವಹಾಬಿಯ ಘಟನೆ ಅಬೂದಾವೂದ್, ತಿರ್ಮಿದಿ, ನಸಾಈ ಗ್ರಂಥಗಳಲ್ಲಿದೆ. ಇಸ್ಲಾಮ್‌ಗೆ ಮುಂಚೆ ನಡೆದ ಕುಲಾಬ್ ಯುದ್ಧದಲ್ಲಿ ಅವರ ಮೂಗು ತುಂಡಾಗಿತ್ತು. ಬೆಳ್ಳಿಯ ಮೂಗು ಮಾಡಿಸಿ ಇಟ್ಟುಕೊಂಡರು. ಅದು ದುರ್ವಾಸನೆ ಹಿಡಿಯಿತು. ಆಗ ಪ್ರವಾದಿ (ಸ) ಅವರಿಗೆ ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ಧರಿಸುವುದು ನಿಷಿದ್ಧ ಎಂಬುದು ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಇಲ್ಲಿ ಅನುಮತಿ ಸಿಕ್ಕಿತು.

ಈ ಘಟನೆಯನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಆ ರಾತ್ರಿಯೇ ಇನ್ನೊಂದು ವಿಷಯ ಹೊಳೆದದ್ದು. ಮೊದಲ ದುರಸ್ತಿ ಸರಿಬರಲಿಲ್ಲ, ಎರಡನೆಯದಕ್ಕೆ ಅಪ್ಪಣೆ ಸಿಕ್ಕಿತು. "ಒಮ್ಮೆ ಮಾಡಿಸಿ ಆಯಿತಲ್ಲ, ಇನ್ನು ಸಹಿಸಿಕೋ" ಎಂದು ಅವರಿಗೆ ಹೇಳಲಿಲ್ಲ.

ಈ ಕಾಲದ ಉಲಮಾಗಳೂ ಇದನ್ನು ಚರ್ಚಿಸಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರ ಫೆಬ್ರವರಿಯಲ್ಲಿ, ಒಬ್ಬರದೇ ದೇಹದ ಒಂದು ಭಾಗವನ್ನು ಅವರದೇ ದೇಹದ ಇನ್ನೊಂದು ಕಡೆಗೆ ಹಾಕುವುದು ಸಮ್ಮತ ಎಂದು ನಿರ್ಣಯಿಸಿತು. ಹಾನಿಗಿಂತ ಲಾಭ ಹೆಚ್ಚಿರಬೇಕು, ಕಳೆದುಹೋದ ಅಂಗವನ್ನೋ ಅದರ ಆಕಾರವನ್ನೋ ಮರಳಿ ತರುವುದು ಅಥವಾ ಮನಸ್ಸಿಗೆ, ದೇಹಕ್ಕೆ ನೋವು ಕೊಡುವ ಊನ ಸರಿಪಡಿಸುವುದು ಉದ್ದೇಶವಾಗಿರಬೇಕು ಎಂಬ ಷರತ್ತುಗಳಿವೆ. 2007ರ ಜುಲೈಯಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಧಿವೇಶನ 173ನೇ ನಿರ್ಣಯದಲ್ಲಿ, ತೆಗೆದುಹಾಕಿದ ಸ್ತನವನ್ನು ಮತ್ತೆ ರೂಪಿಸುವುದನ್ನು ಹೆಸರೆತ್ತಿಯೇ ಅನುಮತಿಸಿದೆ. ಆರೋಗ್ಯವಂತ ದೇಹವನ್ನು ಬರೀ ಫ್ಯಾಷನ್ನಿಗಾಗಿ ಕೊಯ್ಯಿಸುವುದಕ್ಕೆ ಅದೇ ನಿರ್ಣಯ ಅನುಮತಿ ಕೊಟ್ಟಿಲ್ಲ. ಕಳೆದದ್ದನ್ನು ಮರಳಿ ತರುವುದು ಒಂದು, ಇದ್ದದ್ದನ್ನು ಶೋಕಿಗೆ ಬದಲಿಸುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಔರತ್ ವಿಷಯ: ಚಿಕಿತ್ಸೆಗೆ ಅಗತ್ಯವಿರುವಷ್ಟು ತೋರಿಸಲು ಕರ್ಮಶಾಸ್ತ್ರದಲ್ಲಿ ಅನುಮತಿಯಿದೆ. ಲೇಡಿ ಡಾಕ್ಟರ್ ಸಿಕ್ಕರೆ ಅವರಿಗೇ ಆದ್ಯತೆ. ಈ ಕೆಲಸ ಬಲ್ಲವರು ಸಿಗದಿದ್ದರೆ ಗಂಡಸು ಡಾಕ್ಟರ್ ಆದೀತು. ಆಗ ಗಂಡನೋ, ಮಹ್ರಮೋ, ನಂಬಿಕೆಯ ಹೆಂಗಸೋ ಜೊತೆಗಿರಬೇಕು. ಆಪರೇಷನ್ ಮುಂಚೆ ಮತ್ತು ನಂತರ ಫೋಟೋ ತೆಗೆಯುವ ಪದ್ಧತಿ ಇದೆ. ಅದನ್ನು ಯಾರು ನೋಡುತ್ತಾರೆ, ಎಲ್ಲಿ ಇಡುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಮುಖ ಬರದಂತೆ ತೆಗೆಯಲು ಹೇಳಬಹುದು.

ನೂರೂ ಕಸಿ ಹಿಡಿಯುವುದಿಲ್ಲ

ನಾನು ಡಾಕ್ಟರಲ್ಲ. ತಿಳಿದವರಲ್ಲಿ ಕೇಳಿ, ಓದಿ ಅರ್ಥಮಾಡಿಕೊಂಡಷ್ಟನ್ನು ಹೇಳುತ್ತೇನೆ.

ಸ್ತನದ ಮರುನಿರ್ಮಾಣ ಮುಖ್ಯವಾಗಿ ಎರಡು ರೀತಿ. ಒಂದು, ಸಿಲಿಕಾನ್ ಇಂಪ್ಲಾಂಟ್ ಇಡುವುದು. ಇನ್ನೊಂದು, ಹೊಟ್ಟೆಯದೋ ಬೆನ್ನಿನದೋ ಮಾಂಸ-ಚರ್ಮವನ್ನು ತಂದು ಕಟ್ಟುವುದು. ಎರಡರಲ್ಲೂ ಮೊದಲ ಸಲಕ್ಕೇ ಎಲ್ಲ ಸರಿಬರುತ್ತದೆ ಎನ್ನುವಂತಿಲ್ಲ. ರೇಡಿಯೇಷನ್ ಆದ ಚರ್ಮ ಗಟ್ಟಿಯಾಗಿ ಕುಗ್ಗುತ್ತದೆ. ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಬಿಗಿಯಾಗಿ ಆಕಾರ ಕೆಡಬಹುದು, ನೋಯಬಹುದು. ಇಂಪ್ಲಾಂಟ್ ಆಯುಷ್ಯಪೂರ್ತಿ ಬರುವ ವಸ್ತುವೂ ಅಲ್ಲ. ಆದ್ದರಿಂದ ತಿದ್ದುಪಡಿ ಆಪರೇಷನ್ ಎಂದರೆ ಡಾಕ್ಟರು ತಪ್ಪು ಮಾಡಿದರು ಅಂತಲ್ಲ. ಎಷ್ಟೋ ಸಲ ಅದು ಚಿಕಿತ್ಸೆಯ ಮುಂದಿನ ಹಂತ.

ಕೊಬ್ಬು ಕಸಿಯಲ್ಲಿ ಹೊಟ್ಟೆ ಅಥವಾ ತೊಡೆಯಿಂದ ಸಣ್ಣ ಕೊಳವೆಯ ಮೂಲಕ ಕೊಬ್ಬು ಹೀರಿ, ಅದರಲ್ಲಿನ ನೀರು, ರಕ್ತ, ಎಣ್ಣೆ ಬೇರ್ಪಡಿಸುತ್ತಾರೆ. ಉಳಿದ ಒಳ್ಳೆಯ ಕೊಬ್ಬನ್ನು ಕುಳಿ ಬಿದ್ದ ಕಡೆ ಎಳೆಎಳೆಯಾಗಿ, ಸ್ವಲ್ಪ ಸ್ವಲ್ಪವೇ ತುಂಬುತ್ತಾರೆ. ಒಂದೇ ಕಡೆ ಮುದ್ದೆಯಾಗಿ ಹಾಕಿದರೆ ಒಳಗಿನ ಕೊಬ್ಬಿಗೆ ರಕ್ತ ಸಿಗದೆ ಸಾಯುತ್ತದೆ.

ಇದನ್ನು ತಿಕೋಟಾ, ಬಬಲೇಶ್ವರ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಡಾಗ್‌ರಿಜ್ ಗಿಡಕ್ಕೆ ಥಾಮ್ಸನ್ ಕಡ್ಡಿ ಕಸಿ ಕಟ್ಟುತ್ತಾರೆ. ತಿಕೋಟಾದ ರೈತರೊಬ್ಬರು ಒಮ್ಮೆ ನನಗೆ ಹೇಳಿದ್ದರು: "ನೂರು ಕಸಿ ಕಟ್ಟಿದ್ರ ನೂರೂ ಹಿಡಿಯಂಗಿಲ್ರಿ ಸರ. ಹಿಡೀಲಾರದ್ದಕ್ಕ ಮತ್ತ ಕಟ್ಟೂದು." ಕೊಬ್ಬಿನ ಕಸಿಯೂ ಹಾಗೆಯೇ. ಹಾಕಿದ್ದರಲ್ಲಿ ಒಂದು ಭಾಗ ಮೊದಲ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ. ಅರ್ಧದಷ್ಟು ಕರಗುವುದೂ ಉಂಟು. ರಕ್ತ ಸಿಕ್ಕಿ ಹಿಡಿದುಕೊಂಡದ್ದು ಉಳಿಯುತ್ತದೆ. ಅದಕ್ಕೇ ಮೂರರಿಂದ ಆರು ತಿಂಗಳು ಕಾದು, ಬೇಕಿದ್ದರೆ ಮತ್ತೆ ತುಂಬುತ್ತಾರೆ. ಎರಡನೇ ಸಲ ಕರೆದಾಗ "ದುಡ್ಡು ಕೀಳಲಿಕ್ಕೆ" ಎಂದು ತಕ್ಷಣ ಅನುಮಾನಿಸಬೇಡಿ. ಎಷ್ಟು ಸಲ ಬೇಕಾದೀತು ಎಂದು ಮೊದಲೇ ಕೇಳಿಕೊಳ್ಳಿ.

"ಕೊಬ್ಬು ಹಾಕಿದರೆ ಕ್ಯಾನ್ಸರ್ ಮತ್ತೆ ಬರುತ್ತದಾ?" ಇದು ಎಲ್ಲರ ಭಯ. ಡಾಕ್ಟರುಗಳಿಗೂ ಹಿಂದೆ ಆತಂಕವಿತ್ತು. ಕಸಿ ಮಾಡಿದ ಕಡೆ ಗಂಟುಗಳಾಗಿ, ಮ್ಯಾಮೊಗ್ರಾಮ್‌ನಲ್ಲಿ ಕ್ಯಾನ್ಸರ್ ಗುರುತಿಸುವುದು ಕಷ್ಟವಾದೀತು ಎಂದು 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘವೇ ಇದನ್ನು ಬೇಡ ಎಂದಿತ್ತು. ಮುಂದೆ ಪುರಾವೆಗಳನ್ನು ಪರಿಶೀಲಿಸಿ 2009ರಲ್ಲಿ ನಿಲುವು ಬದಲಿಸಿತು. ಆಮೇಲಿನ ಅಧ್ಯಯನಗಳು ಒಟ್ಟಾರೆ ಧೈರ್ಯ ಕೊಡುವಂತೆಯೇ ಇವೆ. ಹಾಗಿದ್ದರೂ ನಿಮ್ಮ ಕ್ಯಾನ್ಸರ್ ಡಾಕ್ಟರ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು.

ಸತ್ತ ಕೊಬ್ಬು ಗಟ್ಟಿ ಗಂಟಾಗಿ ಕೈಗೆ ಸಿಗಬಹುದು. ಹೆಚ್ಚಾಗಿ ಅದು ಅಪಾಯದ್ದಲ್ಲ. ಆದರೆ ಅದು ಕೊಬ್ಬೋ ಕ್ಯಾನ್ಸರೋ ಎಂದು ಮನೆಯಲ್ಲಿ ತೀರ್ಮಾನಿಸಲಾಗದು. ಹೊಸ ಗಂಟು ಯಾವುದೇ ಇರಲಿ ತೋರಿಸಲೇಬೇಕು. ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡಿಸುವಾಗ ಕೊಬ್ಬು ಕಸಿ ಆಗಿದೆ ಎಂದು ಹೇಳಲು ಮರೆಯಬೇಡಿ.

ಇನ್ನೊಂದು ಎಚ್ಚರಿಕೆ. ಮರುನಿರ್ಮಿಸಿದ ಎದೆಗೆ ಸ್ಪರ್ಶಜ್ಞಾನ ಕಡಿಮೆ. ನೋವಿದೆ ಎಂದು ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ನಮ್ಮ ಹಿರಿಯ ಹೆಂಗಸರು ಪ್ರೀತಿಯಿಂದ ಶಾಖ ಕೊಡಲು ಬರುತ್ತಾರೆ, ದಯವಿಟ್ಟು ಬೇಡ ಎನ್ನಿ. ಕಸಿ ಮಾಡಿದ ಕಡೆ ಒತ್ತುವುದು, ತಿಕ್ಕುವುದು, ಬಿಗಿ ಬಟ್ಟೆ ಹಾಕುವುದೂ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು ಹತೋಟಿಗೆ ಬರಬೇಕು.

ಕೊಬ್ಬು ಕಸಿಯ ಹೊರತಾಗಿ ಎಳೆಯುವ ಗಾಯದ ಗುರುತು ಬಿಡಿಸುವುದು, ಇಂಪ್ಲಾಂಟ್ ಬದಲಿಸುವುದು, ಎರಡು ಬದಿ ಸರಿಹೊಂದಿಸುವುದು, ಮೊಲೆತೊಟ್ಟು ರೂಪಿಸುವುದು ಇತ್ಯಾದಿಯೂ ಇದೆ. ತೊಟ್ಟಿನ ಸುತ್ತ ಬಣ್ಣ ಬರಿಸಲು ಕೆಲವು ಕಡೆ ಹಚ್ಚೆ ಹಾಕುತ್ತಾರೆ. ಹಚ್ಚೆಗೆ ಹದೀಸಿನಲ್ಲಿ ಕಠಿಣ ನಿಷೇಧ ಇರುವುದರಿಂದ, ಆ ಒಂದು ವಿಷಯಕ್ಕೆ ಮೊದಲು ತಿಳಿದ ಉಲಮಾಗಳಲ್ಲಿ ಕೇಳಿ. ಹಚ್ಚೆ ಬಿಟ್ಟರೂ ಉಳಿದ ಚಿಕಿತ್ಸೆಗೆ ಅಡ್ಡಿಯಿಲ್ಲ.

ದೂರ, ದುಡ್ಡು, ಗುಟ್ಟು

ತಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿ.ಮೀ., ಬಬಲೇಶ್ವರದಿಂದ ಸುಮಾರು 25. ತಪಾಸಣೆಗೆ ಅಥಣಿ ರಸ್ತೆಯ ಅಲ್-ಅಮೀನ್, ಬಿಎಲ್‌ಡಿಇಯ ಬಿ.ಎಂ. ಪಾಟೀಲ್ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ನಗರದಲ್ಲೇ ಇವೆ. ಆದರೆ ಮರುನಿರ್ಮಾಣಕ್ಕೆ, ತಿದ್ದುಪಡಿಗೆ ಅದರಲ್ಲಿ ಅನುಭವವಿರುವ ಪ್ಲಾಸ್ಟಿಕ್ ಸರ್ಜನ್ ಬೇಕು. ಇಲ್ಲಿಯೇ ಆಗುತ್ತದೋ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಜನ ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು ಎಂದು ಓಡುತ್ತಾರೆ. ಸೊಲ್ಲಾಪುರ ಸುಮಾರು 100 ಕಿ.ಮೀ., ಬೆಂಗಳೂರು 500ಕ್ಕೂ ಹೆಚ್ಚು. ನಮ್ಮವರಿಗೆ ಮಂಗಳೂರಿನಲ್ಲಿ ತವರಿನ ಅನುಕೂಲವಿದೆ. ಎಲ್ಲಿ ಮಾಡಿಸಿದರೂ ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟ್, ರೇಡಿಯೇಷನ್ ವಿವರ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಎರಡನೇ ಡಾಕ್ಟರು ಕೇಳುವುದು ಮೊದಲು ಅದನ್ನೇ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ಈ ತಿದ್ದುಪಡಿ ಆಪರೇಷನ್ ಅದರಲ್ಲಿ ಬರುತ್ತದೋ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಡ್ಮಿಟ್ ಆಗುವ ಮುಂಚೆಯೇ ಕೇಳಿ. ಖಾಸಗಿ ವಿಮೆ ಇದ್ದವರು, ಇದು ಕ್ಯಾನ್ಸರ್ ನಂತರದ ಮರುನಿರ್ಮಾಣದ ಭಾಗ ಎಂದು ಡಾಕ್ಟರಿಂದ ಬರೆಸಿಕೊಳ್ಳಿ. "ಕಾಸ್ಮೆಟಿಕ್" ಎಂಬ ಒಂದು ಪದ ಬಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆಂದೇ ಕಾನೂನು ಬಂತು. ಸ್ತನ ತೆಗೆಯುವ ಚಿಕಿತ್ಸೆಗೆ ಹಣ ಕೊಡುವ ವಿಮೆ, ಮರುನಿರ್ಮಾಣದ ಎಲ್ಲ ಹಂತಗಳಿಗೂ ಕೊಡಬೇಕು ಎಂದು. ಎಲ್ಲ ಹಂತ ಎಂಬ ಮಾತು ಗಮನಿಸಿ.

ನಮ್ಮ ಜಮಾಅತ್‌ಗಳಿಗೂ ಒಂದು ಮಾತು. ಬಡ ಮನೆಯ ಸಹೋದರಿಯ ಚಿಕಿತ್ಸೆಗೆ ಝಕಾತ್‌ನಿಂದ ನೆರವಾಗಬಹುದು. ಆದರೆ ಕೊಡುವುದನ್ನು ಗುಟ್ಟಾಗಿ ಕೊಡಿ. ಯಾವ ರೋಗ, ಯಾವ ಅಂಗ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ ಹಣ ಕೇಳುವುದು ಬೇಡ. ಆ ಹೆಂಗಸು ನಾಳೆ ಮದುವೆ ಮನೆಗೆ ಹೋಗಬೇಕಲ್ಲ?

ನಮಾಝ್ ಬಗ್ಗೆಯೂ ಕೇಳುತ್ತಾರೆ. ಎದೆ ವುಝೂವಿನ ಅಂಗವಲ್ಲ, ಆದ್ದರಿಂದ ವುಝೂಗೆ ತೊಂದರೆಯಿಲ್ಲ. ಕಡ್ಡಾಯ ಸ್ನಾನ ಬಂದಾಗ ಗಾಯಕ್ಕೆ ನೀರು ತಾಗಬಾರದೆಂದಿದ್ದರೆ, ಶಾಫಿಈ ಮದ್‌ಹಬ್ ಪ್ರಕಾರ ಉಳಿದ ಶರೀರ ತೊಳೆದು, ಬ್ಯಾಂಡೇಜ್ ಮೇಲೆ ಒದ್ದೆ ಕೈಯಿಂದ ಸವರಿ, ತಯಮ್ಮುಮ್ ಮಾಡಬೇಕು. ಬಾಗಲು ಕಷ್ಟವಾದರೆ ಕೂತು, ಸನ್ನೆಯಲ್ಲಿ ಸುಜೂದ್ ಮಾಡಬಹುದು. ಗಾಯ ಮಾಗಿದ ಮೇಲೆ ಚರ್ಮದ ಮೇಲೆ ನೀರು ಹರಿದರೆ ಸಾಕು. ಒಳಗಿನ ಕೊಬ್ಬು, ಇಂಪ್ಲಾಂಟ್ ಬಗ್ಗೆ ವಸ್‌ವಾಸ್ ಬೇಡ.

ಕೇಳಬೇಕಾದವರನ್ನು ಕೇಳಿ

ಅನುಮತಿ ಇದೆ ಎಂದರೆ ಮಾಡಿಸಲೇಬೇಕು ಅಂತಲ್ಲ. ಒಂದು ಆಪರೇಷನ್ ಸಾಕು, ಇನ್ನು ಆಸ್ಪತ್ರೆ ವಾಸನೆಯೇ ಬೇಡ ಎನ್ನುವ ಹೆಂಗಸರಿದ್ದಾರೆ. ಬಟ್ಟೆಯೊಳಗೆ ಇಡುವ ಕೃತಕ ಸ್ತನದಲ್ಲೇ ನೆಮ್ಮದಿ ಕಂಡವರಿದ್ದಾರೆ. ಅದೂ ಸರಿಯೇ. ಹೊಸ ಆಪರೇಷನ್ ಎಂದರೆ ಮತ್ತೆ ಅರಿವಳಿಕೆ, ಮತ್ತೆ ನೋವು, ಸೋಂಕಿನ ಸಾಧ್ಯತೆ. ಅದನ್ನು ಅನುಭವಿಸುವುದು ಆ ಹೆಂಗಸು, ಅತ್ತೆಯಲ್ಲ, ಸಂಬಂಧಿಕರಲ್ಲ, ಉಸ್ತಾದನೂ ಅಲ್ಲ. ಹಾಗಾಗಿ ಬೇಕೋ ಬೇಡವೋ ಎನ್ನುವ ಮೊದಲ ಮಾತು ಅವರದೇ ಆಗಬೇಕು. ಗಂಡ ಡಾಕ್ಟರ ಮುಂದೆ ತಾನೇ ಉತ್ತರ ಕೊಡುವ ಬದಲು, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.

ಬೇಕರಿಯವರು ಮುಂದಿನ ವಾರ ಮತ್ತೆ ಬಂದರು. ಆ ರಾತ್ರಿಯೇ ಮನೆಗೆ ಹೋಗಿ ಮಡದಿಯನ್ನು ಕೇಳಿದರಂತೆ. ಅವರು ಮೊದಲು ಮಾತಾಡಲೇ ಇಲ್ಲ. ಆಮೇಲೆ ಹೇಳಿದ್ದು: "ಬಟ್ಟೆ ಬದಲಿಸುವಾಗೆಲ್ಲ ಆ ಕುಳಿ ಕಂಡು ಆಸ್ಪತ್ರೆಯೇ ನೆನಪಾಗ್ತದೆ. ಕೈ ಎತ್ತಿ ಮಗಳ ಜಡೆ ಹಾಕ್ಲಿಕ್ಕೂ ಎಳೀತದೆ. ಅಷ್ಟು ಸರಿಯಾದ್ರೆ ಸಾಕು. ಇನ್ನೊಂದು ಬದಿ ಮುಟ್ಟುವುದು ಬೇಡ."

ಮಗಳ ಪರೀಕ್ಷೆ ಮುಗಿದ ಮೇಲೆ ತಾರೀಖು ಕೊಟ್ಟಿದ್ದಾರೆ. ಬೇಡ ಎನ್ನುತ್ತಿದ್ದ ಉಮ್ಮ ಈಗ ಆಸ್ಪತ್ರೆಯಲ್ಲಿ ಸೊಸೆಯ ಜೊತೆ ತಾನೇ ನಿಲ್ಲುತ್ತೇನೆ ಎನ್ನುತ್ತಿದ್ದಾರಂತೆ. ಅಲ್ಲಾಹು ಅವರಿಗೂ, ಇಂಥ ಕಷ್ಟದಲ್ಲಿರುವ ಎಲ್ಲ ಸಹೋದರಿಯರಿಗೂ ಪೂರ್ಣ ಶಿಫಾ ನೀಡಲಿ, ಆಮೀನ್.